ನಾಲ್ಕನೇ ಕ್ರಾಸಿನ ಹಸಿರು

"ಅಕ್ಕಪಕ್ಕದ ಮನೆಯವು ತಾನೆ ನೀವು? ಮತ್ಯಾಕೆ ಹೀಗೆ?"

ಮಂಜುಶ್ರೀ ಕೇಳಿದ್ದು ಯಾರನ್ನೂ ಅಲ್ಲ. ಭಾನುವಾರ ಬೆಳಗಿನ ಹತ್ತು ಗಂಟೆ. ಪೀಣ್ಯ ಎರಡನೇ ಹಂತದ ಆ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಗಾಜಿನ ನಳಿಕೆಯಿಂದ ಬಟ್ಟಿ ಇಳಿದ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಎದುರು ಶೆಡ್ಡಿನ ಪ್ರೆಸ್ಸು ಸುಮ್ಮನಿರುವುದು ವಾರಕ್ಕೆ ಅದೊಂದೇ ದಿನ. ಆದ್ದರಿಂದ ಹನಿಯ ಸದ್ದು ಕೇಳುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಐವತ್ನಾಲ್ಕು ಚುಕ್ಕೆಗಳಿದ್ದವು. ಒಂದೊಂದು ಚುಕ್ಕೆ ಗೋಣಿಮರದಪಾಳ್ಯದ ಒಂದೊಂದು ಮನೆಯ ಕೊಳವೆಬಾವಿ. ಚುಕ್ಕೆಯ ಪಕ್ಕದ ಅಂಕಿ ಆ ನೀರಿನಲ್ಲಿರುವ ಕ್ರೋಮಿಯಂ ಎಂಬ ವಿಷ ಲೋಹ.

ಗೋಣಿಮರದಪಾಳ್ಯ ಬಾಗಲಗುಂಟೆಯ ಈಚೆಗಿದೆ. ಆರು ಕ್ರಾಸುಗಳ ಊರು. ಹಳೆಯ ಊರೆಂದರೆ ನಾಲ್ಕನೇ ಕ್ರಾಸು ಮಾತ್ರ. ಉಳಿದ ಐದೂ ಒಂದು ಕಾಲದ ರಾಗಿ ಹೊಲಗಳು. ಹೊಲವಿದ್ದವರು ಈಗ ಮೂರಂತಸ್ತಿನ ಮನೆ ಕಟ್ಟಿ ಕಾರ್ಖಾನೆಯ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಎಲ್ಲರಿಗೂ ಬೋರಿನ ನೀರು. ಎರಡು ವರ್ಷದಿಂದ, ಬೆಳಗ್ಗೆ ಬಿಳಿ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಸಂಜೆಯ ಬೆಳಕಿನಲ್ಲಿ ತಿಳಿ ಹಳದಿಯಾಗಿ ಕಾಣುತ್ತಿತ್ತು. ತೆರೆದು ಮುಚ್ಚಿಹೋದ ಎಷ್ಟೋ ಪ್ಲೇಟಿಂಗ್ ಶೆಡ್ಡುಗಳಲ್ಲಿ, ಲೋಹಕ್ಕೆ ಮೆರುಗು ಹಾಕುವಲ್ಲಿ, ಯಾವುದರಿಂದ ಆ ಕ್ರೋಮಿಯಂ ನೆಲಕ್ಕೆ ಇಳಿಯಿತೋ, ಯಾವ ವರ್ಷ ಇಳಿಯಿತೋ ಹೇಳುವವರಿರಲಿಲ್ಲ. ಮಂಜುಶ್ರೀಗೆ ಒಪ್ಪಿಸಿದ ಕೆಲಸದಲ್ಲಿ ಆ ಪ್ರಶ್ನೆ ಇರಲೂ ಇಲ್ಲ. ಅವಳಿಗೆ ಒಪ್ಪಿಸಿದ್ದು ಬೇರೆ ಪ್ರಶ್ನೆ: ಯಾವ ಕ್ರಾಸಿಗೆ ಮೊದಲು?

ಈ ವರ್ಷ ಶುದ್ಧ ನೀರಿನ ನಲ್ಲಿಯ ಪೈಪು ಮೂರು ಕ್ರಾಸುಗಳಿಗೆ ಮಾತ್ರ ಬರುವುದಿತ್ತು. ಉಳಿದ ಮೂರಕ್ಕೆ ಯಾವಾಗ ಎಂಬುದಕ್ಕೆ ವಾರ್ಡಿನ ಇಂಜಿನಿಯರು ಉತ್ತರ ಕೊಟ್ಟಿರಲಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿ ಶಿವಶಂಕರ್‌ಗೆ ಅವರು ಹೇಳಿದ್ದು ಇಷ್ಟೇ: ಪಟ್ಟಿ ಬೇಡ, ನಕ್ಷೆ ತನ್ನಿ, ಎಲ್ಲಿ ಹೆಚ್ಚು ಕೆಂಪೋ ಅಲ್ಲಿ ಮೊದಲು ಅಗೆಯುತ್ತೇವೆ.

ನಕ್ಷೆಯೇನೋ ಫೆಬ್ರುವರಿಯಲ್ಲೇ ಬಂದಿತ್ತು. ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಒಂದು ಗುಂಡಿ ಒತ್ತಿದಾಗ ಚುಕ್ಕೆಗಳ ನಡುವಿನ ಖಾಲಿ ಜಾಗವೆಲ್ಲ ತಾನೇ ತುಂಬಿಕೊಂಡು, ಕೆಂಪು ಹಳದಿಗೆ ಇಳಿದು, ಹಳದಿ ಹಸಿರಿಗೆ ಇಳಿದು, ನೋಡಿದವರ ಕಣ್ಣು ನಿಲ್ಲುವಂಥ ಚಿತ್ರ ಮೂಡಿತ್ತು. ಎರಡು, ಮೂರು, ಐದನೇ ಕ್ರಾಸುಗಳು ಕೆಂಪು. ನಡುವೆ ನಾಲ್ಕನೇ ಕ್ರಾಸು ತೆಳು ಹಸಿರು.

"ಸೂಪರ್ ಮೇಡಂ," ಎಂದಿದ್ದರು ಶಿವಶಂಕರ್. ಲೇತ್ ಮೆಷಿನ್ನಿನ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಎದುರಿಗೆ ಯಾರಿದ್ದರೂ ಮೆಷಿನ್ನಿನ ಸದ್ದಿನ ಮೇಲೆ ಮಾತಾಡಿದಂತೆ ಮಾತಾಡುತ್ತಿದ್ದರು. "ನಾಲ್ಕನ್ನ ಬಿಟ್ಟಾಕಿ. ಹಳೇ ಊರಿನೋರು, ಅವ್ರ ಪುಣ್ಯ, ನೀರು ಚೆನ್ನಾಗಿದೆ. ಒಂದ್ ಸೈನ್ ಹಾಕ್ಬಿಡಿ, ತಗೊಂಡ್ ಹೋಗ್ತೀನಿ."

ಮಂಜುಶ್ರೀ ಸಹಿ ಹಾಕಲಿಲ್ಲ. ತಾನು ಒತ್ತಿದ ಗುಂಡಿ ಒಳಗೆ ಏನು ಮಾಡುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐದು ಶನಿವಾರ ಅದನ್ನೇ ಕಲಿಸುತ್ತಾರೆಂದು ಗೊತ್ತಾಗಿ ಹೆಸರು ಕೊಟ್ಟಿದ್ದಳು.

"ಐದು ವಾರಾನಾ? ಮೇಡಂ, ಏಪ್ರಿಲ್ ಕೊನೇಗೆ ಫೈಲು ಮೇಲಕ್ಕೆ ಹೋಗತ್ತೆ."

"ಅಷ್ಟರೊಳಗೆ ಕೊಡ್ತೀನಿ ಸಾರ್."

"ಕೊಡ್ದೇ ಇದ್ರೆ ಆರು ಕ್ರಾಸಿನೋರೂ ನಮ್ಮನೆ ಮುಂದೆ ಬಕೆಟ್ ಹಿಡ್ಕೊಂಡು ನಿಂತ್ಕೋತಾರೆ. ನಿಮ್ಮ ಲ್ಯಾಬಿನ ಅಡ್ರೆಸ್ ಕೊಟ್ಟು ಕಳಿಸ್ತೀನಿ ಅಷ್ಟೆ."

*

ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹಸಿರು ಮೆಟ್ರೋ ಹತ್ತಿ, ಆರ್.ವಿ. ರೋಡಿನಲ್ಲಿ ಹಳದಿಗೆ ಬದಲಾಯಿಸಬೇಕು. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಮಂಜುಶ್ರೀ ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಕೂರುತ್ತಿದ್ದಳು. ಮನಸ್ಸಿನಲ್ಲೇ ವಿಷ್ಣುವಿನ ನಾಮಗಳು ಒಂದು ಸುತ್ತು ಮುಗಿಯುವಷ್ಟರಲ್ಲಿ ಆರ್.ವಿ. ರೋಡು ಬರುತ್ತಿತ್ತು.

ತರಗತಿಗೆ ಒಂದೇ ಷರತ್ತು. ಪುಸ್ತಕದ ಲೆಕ್ಕ ಇಲ್ಲ. ಅವರವರ ಅಂಕಿಗಳನ್ನು ಅವರವರೇ ತರಬೇಕು. ಒಬ್ಬ ಮಾರತ್ತಹಳ್ಳಿಯ ಮೊಬೈಲ್ ಸಿಗ್ನಲ್ಲಿನ ಅಳತೆ ತಂದಿದ್ದ. ಇನ್ನೊಬ್ಬಳು ದ್ರಾಕ್ಷಿ ತೋಟದ ಮಣ್ಣಿನದು ತಂದಿದ್ದಳು. ಕಲಿಸುವವರು ಪದ್ಮಾವತಿ, ಗಣಿಗಳಲ್ಲಿ ಕೆಲಸ ಮಾಡಿ, ಅಗೆಯದ ಕಲ್ಲಿನೊಳಗೆ ಅದಿರು ಎಷ್ಟಿದೆಯೆಂದು ಹೇಳುವುದರಲ್ಲೇ ಕೂದಲು ಬೆಳ್ಳಗಾದವರು.

"ಗುಂಡಿ ಒತ್ತಿದ್ರೆ ಯಾರಿಗಾದ್ರೂ ನಕ್ಷೆ ಬರತ್ತೆ," ಎಂದರು ಮೊದಲ ದಿನವೇ. "ಬಸ್ಸಿನ ಟಿಕೆಟ್ ನಂಬರ್ ಹಾಕಿದ್ರೂ ಬರತ್ತೆ, ಬಣ್ಣಬಣ್ಣವಾಗಿ ಬರತ್ತೆ. ನಿಮ್ಮ ನಂಬರನ್ನ ನೀವು ಯಾಕೆ ನಂಬ್ತೀರಿ, ಅದನ್ನ ಹೇಳಿ ಮೊದಲು."

ಅವರು ಕಲಿಸಿದ ಮೊದಲ ಪಾಠ ಸರಳವಾಗಿತ್ತು. ನೆಲದಲ್ಲಿ ಹತ್ತಿರ ಇರುವವು ಒಂದನ್ನೊಂದು ಹೋಲುತ್ತವೆ. ದೂರ ಹೋದಂತೆ ಹೋಲಿಕೆ ಕಮ್ಮಿಯಾಗುತ್ತದೆ. ಒಂದು ದೂರದ ಆಚೆಗೆ ಸಂಬಂಧವೇ ಉಳಿಯುವುದಿಲ್ಲ. ಆ ದೂರ ಎಷ್ಟು ಎಂಬುದನ್ನು ನಿಮ್ಮ ಅಂಕಿಗಳೇ ಹೇಳಬೇಕು. ಅದಕ್ಕೆ ಎರಡೆರಡು ಚುಕ್ಕೆ ಜೋಡಿ ಮಾಡಿ, ನಡುವಿನ ದೂರವನ್ನು ಅಡ್ಡಗೆರೆಯ ಮೇಲೂ ವ್ಯತ್ಯಾಸವನ್ನು ಉದ್ದಗೆರೆಯ ಮೇಲೂ ಗುರುತಿಸಬೇಕು. ಆ ಚಿತ್ರಕ್ಕೆ ವೇರಿಯೋಗ್ರಾಮ್ ಎಂದು ಹೆಸರು. ಒಳ್ಳೆಯ ವೇರಿಯೋಗ್ರಾಮ್ ಎಡಗಡೆ ಕೆಳಗಿನಿಂದ ಹೊರಟು, ಮೆಟ್ಟಿಲು ಹತ್ತಿ ಜಗಲಿ ಸೇರಿದ ಹಾಗೆ ಮೇಲೆ ಹೋಗಿ ಮಟ್ಟವಾಗುತ್ತದೆ.

ಮಂಜುಶ್ರೀಯದಕ್ಕೆ ಮೆಟ್ಟಿಲೇ ಇರಲಿಲ್ಲ. ಮೂವತ್ತು ಮೀಟರು ದೂರದ ಎರಡು ಮನೆಗಳ ನಡುವೆ ಎಷ್ಟು ವ್ಯತ್ಯಾಸವೋ ಮುನ್ನೂರು ಮೀಟರು ದೂರದ ಎರಡು ಮನೆಗಳ ನಡುವೆಯೂ ಅಷ್ಟೇ. ಎರಡನೇ ಶನಿವಾರ ಪದ್ಮಾವತಿ ಅವಳ ಬೆನ್ನ ಹಿಂದೆ ಬಂದು ನಿಂತರು.

"ಇದು ನೆಲ ಅಲ್ಲಮ್ಮ, ಸಂತೆ. ಸಂತೇಲಿ ಪಕ್ಕಪಕ್ಕ ನಿಂತೋರಿಗೆ ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ. ನೆಲದೊಳಗಿನ ನೀರು ಹಾಗಿರಲ್ಲ."

"ಮೆಷಿನ್ ಸರಿಯಾಗಿದೆ ಮೇಡಂ. ಪ್ರತಿ ಬಾಟಲಿ ಎರಡು ಸಲ ನೋಡಿದೀನಿ."

"ನೀನು ನೋಡಿರ್ತೀಯ. ಬಾಟಲಿ ತುಂಬಿದ್ದು ಯಾರು?"

"ಲೋಕೇಶ್ ಅಂತ, ನಮ್ಮ ಲ್ಯಾಬಿನಲ್ಲಿ ಫೀಲ್ಡ್ ಕೆಲಸ ನೋಡ್ಕೋತಾರೆ."

"ತಂದಿದ್ದು ಲೋಕೇಶ್. ತುಂಬಿದ್ದು ಯಾರು ಅಂತ ಕೇಳ್ದೆ."

ಪದ್ಮಾವತಿ ಮುಂದಿನ ಮೇಜಿಗೆ ಹೋಗಿ, ಸಿಗ್ನಲ್ಲಿನ ಹುಡುಗನ ಚಿತ್ರ ನೋಡಿ, "ನೀನು ಇದನ್ನ ಬಸ್ಸಲ್ಲಿ ಕೂತ್ಕೊಂಡು ಅಳೆದಿದ್ಯ ಅಲ್ವಾ?" ಎಂದು ಕೇಳಿದ್ದೂ, ಅವನು ಹೌದೆಂದಿದ್ದೂ ಮಂಜುಶ್ರೀಗೆ ಕೇಳಿಸಿತು.

ಅದರ ಮರುದಿನವೇ ಈ ಭಾನುವಾರ. ಹನಿ ಬೀಳುತ್ತಲೇ ಇತ್ತು. ಮಂಜುಶ್ರೀ ರಿಜಿಸ್ಟರು ತೆರೆದಳು. ಪ್ರತಿ ಬಾಟಲಿಯಲ್ಲೂ ಲ್ಯಾಬು ಎಂಟು ಅಂಶಗಳನ್ನು ಅಳೆದಿತ್ತು; ನಕ್ಷೆಗೆ ಹಾಕಿದ್ದು ಕ್ರೋಮಿಯಂ ಒಂದನ್ನೇ. ಉಳಿದ ಏಳನ್ನು ಅವಳು ಬರೆದಿದ್ದಳು, ಓದಿರಲಿಲ್ಲ. ಈಗ ಗಡಸುತನದ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ, ಬಾಯಿಬಿಟ್ಟು ಓದಿಕೊಂಡು ಹೋದಳು. ಕಣ್ಣಿಗಿಂತ ಕಿವಿಯನ್ನು ನಂಬುವುದು ಅವಳ ಅಭ್ಯಾಸ. ಐನೂರ ನಲವತ್ತು. ಆರುನೂರ ಹತ್ತು. ಮುನ್ನೂರ ಹನ್ನೆರಡು. ನಾನೂರ ಎಂಬತ್ತು. ಮುನ್ನೂರ ಹತ್ತು. ಐನೂರ ತೊಂಬತ್ತು. ಮುನ್ನೂರ ಹನ್ನೆರಡು.

ಅದೇ ಅಂಕಿ, ಒಂದೆರಡು ಆಚೀಚೆಯಾಗಿ, ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತಿತ್ತು. ಎಣಿಸಿದರೆ ಒಂಬತ್ತು ಸಲ. ನಾಲ್ಕನೇ ಕ್ರಾಸಿನ ಹತ್ತು ಬಾಟಲಿಗಳಲ್ಲಿ ಏಳು, ಮೂರು ಮತ್ತು ಐದನೇ ಕ್ರಾಸುಗಳಲ್ಲಿ ಒಂದೊಂದು. ಆ ಒಂಬತ್ತರ ಕ್ಲೋರೈಡೂ ಒಂದೇ, ನೈಟ್ರೇಟೂ ಒಂದೇ. ಕ್ರೋಮಿಯಂ ಒಂಬತ್ತರಲ್ಲೂ ಸೊನ್ನೆ ಬಿಂದು ಸೊನ್ನೆ ಎರಡು. ಕುಡಿಯುವ ನೀರಿಗೆ ಮಿತಿ ಲೀಟರಿಗೆ ಸೊನ್ನೆ ಬಿಂದು ಸೊನ್ನೆ ಐದು ಮಿಲಿಗ್ರಾಂ. ಒಂಬತ್ತು ಮನೆ, ಒಂದೇ ನೀರು.

ಲೋಕೇಶ್‌ಗೆ ಫೋನ್ ಮಾಡಿದಳು.

"ಮೇಡಂ, ಇವತ್ತು ಭಾನುವಾರ ಮೇಡಂ."

"ಒಂದೇ ಪ್ರಶ್ನೆ. ನಾಲ್ಕನೇ ಕ್ರಾಸಲ್ಲಿ ಬಾಟಲಿ ತುಂಬಿದ್ದು ನೀವೇನಾ?"

"ನಾನೇ... ಅಂದ್ರೆ ಬಾಟ್ಲಿ ಕೊಟ್ಟಿದ್ದು ನಾನು. ಅವ್ರು ಒಳಗೆ ತಗೊಂಡ್ ಹೋಗಿ ತುಂಬ್ಕೊಂಡ್ ಬಂದ್ರು. ಬೇರೆ ಕ್ರಾಸಲ್ಲಿ ಗೇಟೇ ತೆಗೀಲಿಲ್ಲ ಮೇಡಂ, ಅಗೋ ಅಲ್ಲಿ ನಲ್ಲಿ ಇದೆ ಹಿಡ್ಕೋ ಅಂದ್ರು, ನಾನೇ ಹಿಡ್ಕೊಂಡೆ. ನಾಲ್ಕನೇ ಕ್ರಾಸಿನೋರು ಕೂರಿಸಿ ಮಜ್ಜಿಗೆ ಕೊಟ್ರು. ಒಳ್ಳೇ ಜನ ಅವ್ರು."

"ಹೌದು," ಎಂದಳು ಮಂಜುಶ್ರೀ. "ಒಳ್ಳೇ ಜನ."

*

ಆ ಒಂಬತ್ತರಲ್ಲೊಂದಾದ ಭಾಗ್ಯಮ್ಮನ ಮನೆ ನಾಲ್ಕನೇ ಕ್ರಾಸಿನ ನಡುವೆ. ಹಳೆಯ ಮನೆ ಕೆಡವಿ ಮೂರಂತಸ್ತು ಕಟ್ಟಿದಾಗಲೂ ಜಗಲಿಯ ಕಲ್ಲುಚಪ್ಪಡಿಗಳನ್ನು ಬಿಸಾಡಲು ಅವರು ಬಿಡಲಿಲ್ಲ. ಗ್ರಿಲ್ಲಿನ ಗೇಟಿನ ಒಳಗೆ ಅವನ್ನೇ ಮತ್ತೆ ಹಾಸಿಸಿದ್ದರು. ಮೇಲಿನ ಎರಡು ಅಂತಸ್ತುಗಳಲ್ಲಿ ಬಾಡಿಗೆಯ ಹನ್ನೊಂದು ಸಂಸಾರ. ಅರವತ್ತು ದಾಟಿದ ಭಾಗ್ಯಮ್ಮ ಜಗಲಿಯಲ್ಲಿ ಕುಳಿತರೆ ಅವರ ಕಣ್ಣು ತಪ್ಪಿಸಿ ಒಂದು ಬೆಕ್ಕೂ ಮೆಟ್ಟಿಲು ಹತ್ತುವಂತಿರಲಿಲ್ಲ.

ಸೋಮವಾರ ಸಂಜೆ ಮಂಜುಶ್ರೀ ಹೋದಾಗ, ತಾನು ಯಾರು, ಯಾಕೆ ಬಂದೆ ಎಂದು ಹೇಳಲು ಬಾಯಿ ತೆರೆದಳು.

"ಕೂತ್ಕೊ ಮೊದ್ಲು. ನೀರ್ ಕುಡಿ. ಆಮ್ಯಾಕೆ ಮಾತು."

ಹಿತ್ತಾಳೆಯ ಚೊಂಬಿನಲ್ಲಿ ನೀರು, ಅಂಗೈ ಮೇಲೆ ಬೆಲ್ಲದ ಚೂರು. ಮಂಜುಶ್ರೀ ಕುಡಿದಳು. ನೀರು ತಣ್ಣಗಿತ್ತು, ಹಗುರವಾಗಿತ್ತು. ಮುನ್ನೂರ ಹನ್ನೆರಡು ಎಂದು ನಾಲಗೆಯೇ ಹೇಳಿತು.

"ಅಮ್ಮ, ಇದು ನಿಮ್ಮ ಬೋರಿನ ನೀರಾ?"

"ಥೂ! ಬೋರ್ ನೀರ ಬಂದೋರ್ಗೆ ಕೊಡ್ತಾರಾ ಯಾರಾದ್ರೂ? ಇದು ಮುನೇಶ್ವರನ್ದು." ಭಾಗ್ಯಮ್ಮ ಬೀದಿಯ ಮೇಲ್ಗಡೆಗೆ ಕೈ ತೋರಿಸಿದರು. ತುದಿಯಲ್ಲಿ ಮುನೇಶ್ವರನ ಗುಡಿ, ಅದರ ಪಕ್ಕ ಒಂದು ಬೋರು. ಹಳೆಯ ಊರಿನ ಮನೆಯವರೆಲ್ಲ ಬೆಳಗ್ಗೆ ದೀಪ ಹಚ್ಚುವ ಮೊದಲು ಅಲ್ಲಿಂದ ಎರಡು ಕೊಡ ತರುತ್ತಾರೆ. ಮದುವೆಯಾಗಿ ಮೂರಕ್ಕೂ ಐದಕ್ಕೂ ಹೋದ ಹೆಣ್ಣುಮಕ್ಕಳೂ ಅಲ್ಲಿಂದಲೇ ಒಯ್ಯುತ್ತಾರೆ. ದೇವರಿಗೆ, ಕುಡಿಯಲು, ಬಂದವರಿಗೆ ಆ ನೀರು. ಮನೆಯ ಬೋರಿನದು ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ.

"ಮೇಲಿನ ಮನೆಯವರಿಗೆ?"

"ಬಾಡಿಗೇರಾ? ಅವ್ರು ಬೋರಿಂದೇ ಕುಡೀತಾರೆ. ಕೆಲವ್ರು ಕ್ಯಾನ್ ತರಿಸ್ಕೋತಾರೆ. ಕೇಳಿದ್ರೆ ನಾವೇನು ಇಲ್ಲ ಅಂತೀವಾ? ಕೇಳಲ್ಲ, ಅಷ್ಟೆ."

"ಹೋದ ತಿಂಗಳು ಲೋಕೇಶ್ ಅಂತ ಬಂದು ಬಾಟಲಿ ಕೊಟ್ಟರಲ್ಲ, ಟೆಸ್ಟಿಗೆ. ಅದಕ್ಕೆ ಹಾಕಿದ್ದೂ ಇದೇನಾ?"

"ಇನ್ನೇನ್ ಹಾಕ್ಲಿ? ಬಾಟ್ಲಿ ಮ್ಯಾಲೆ ನಮ್ಮನೆ ಹೆಸ್ರು ಬರ್ಕೊಂಡ ಕಣವ್ವ ಅವ್ನು, ನನ್ನ ಕಣ್ಣೆದುರಿಗೆ! ಮಕ್ಕಳನ್ನ ಪರೀಕ್ಷೆಗೆ ಕಳ್ಸೋವಾಗ ಮಕ ತೊಳ್ದು, ತಲೆ ಬಾಚಿ ಕಳ್ಸಲ್ವಾ? ಅಂಗೇ ಮೂಗು ಸೋರಿಸ್ಕೊಂಡ್ ಹೋಗು ಅಂತೀವಾ?"

ಮಂಜುಶ್ರೀ ಚೀಲದಿಂದ ನಕ್ಷೆ ತೆಗೆದು ಚಪ್ಪಡಿಯ ಮೇಲೆ ಬಿಡಿಸಿದಳು. ಕೆಂಪಿನ ನಡುವೆ ಹಸಿರಾಗಿದ್ದ ಪಟ್ಟಿಯನ್ನು ತೋರಿಸಿದಳು. ಇದು ನಿಮ್ಮ ಬೀದಿ. ನಿಮ್ಮ ಬೀದಿಯಲ್ಲಿ ಏಳು ಮನೆಯವರು ಗುಡಿಯ ನೀರು ಕೊಟ್ಟಿದ್ದೀರಿ. ಅದಕ್ಕೆ ಇಲ್ಲಿ ನೀರು ಚೆನ್ನಾಗಿದೆ ಅಂತ ನಕ್ಷೆ ಹೇಳುತ್ತಿದೆ. ಚೆನ್ನಾಗಿರುವ ಕಡೆಗೆ ನಲ್ಲಿ ಬರುವುದಿಲ್ಲ.

ಭಾಗ್ಯಮ್ಮ ಹಸಿರನ್ನು ನೋಡುತ್ತ ಕುಳಿತರು. ಮೇಲಿನಿಂದ ಯಾರದೋ ಕುಕ್ಕರು ಮೂರು ಸಲ ಕೂಗಿತು.

"ಅಂದ್ರೆ, ನಾನು ಒಳ್ಳೇ ನೀರ್ ಕೊಟ್ಟಿದ್ಕೆ ನಮ್ಗೆ ನಲ್ಲಿ ಇಲ್ಲ ಅಂತೀಯ."

"ಹೌದಮ್ಮ."

"ಇದ್ಯಾವ ಸೀಮೆ ಲೆಕ್ಕವ್ವ ನಿಂದು!"

ಆದರೂ ಎದ್ದರು. ಹಿತ್ತಲಿಗೆ ಕರೆದುಕೊಂಡು ಹೋಗಿ, ಮೋಟರು ಹಾಕಿ, ಬೋರಿನ ನಲ್ಲಿ ತಿರುಗಿಸಿ, ಮಂಜುಶ್ರೀ ಬಾಟಲಿ ಹಿಡಿಯುವಷ್ಟು ಹೊತ್ತೂ ಗೋಡೆಯ ಕಡೆಗೆ ಮುಖ ಮಾಡಿ ನಿಂತರು.

"ನಮ್ಮ ಹೆಸ್ರು ಬರೀಬ್ಯಾಡ ಅದ್ರ ಮ್ಯಾಲೆ."

ಮಂಜುಶ್ರೀ ಹೆಸರು ಬರೆಯಲಿಲ್ಲ. ನಾಲ್ಕು ಬಾರ್ ಏಳು ಎಂದು ಬರೆದಳು.

ಎರಡನೇ ಅಂತಸ್ತಿನ ಬಾಡಿಗೆಯವಳು ಬಕೆಟ್ಟು ಹಿಡಿದು ಇಳಿದು ಬಂದಳು. ಲಾವಣ್ಯ ಎಂದು ಹೆಸರು, ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು, ಈಗ ಏಳು ತಿಂಗಳ ಮಗುವಿದ್ದುದರಿಂದ ಮನೆಯಲ್ಲಿದ್ದಳು. ಬಾಟಲಿ ನೋಡಿ ಕೇಳಿದಳು: "ಮೇಡಂ, ಮಗೂಗೆ ನಾನು ಇದನ್ನ ಕಾಯಿಸಿ ಕೊಡ್ತೀನಿ. ಕಾಯಿಸಿದ್ರೆ ಸರಿ ಹೋಗತ್ತಲ್ವಾ?"

"ಇಲ್ಲಮ್ಮ. ಇದು ಕಾಯಿಸಿದ್ರೆ ಹೋಗಲ್ಲ. ನೀರು ಇಂಗಿ ಇನ್ನೂ ಸ್ವಲ್ಪ ಗಟ್ಟಿ ಆಗತ್ತೆ ಅಷ್ಟೆ."

ಲಾವಣ್ಯ ಬಕೆಟ್ಟನ್ನು ನಲ್ಲಿಯ ಕೆಳಗೆ ಇಡುವುದೋ ಬೇಡವೋ ಎಂದು ಹಿಡಿದೇ ನಿಂತಳು. ಭಾಗ್ಯಮ್ಮ ಗೋಡೆಯಿಂದ ಈಚೆಗೆ ತಿರುಗಿದರು.

"ಒಂದ್ ಮಾತು ಕೇಳೋಕೆ ಬಾಯಿಲ್ವೇನೇ ನಿಂಗೆ? ನಾಳೆಯಿಂದ ದಿನಾ ಒಂದ್ ಕೊಡ ಜಗಲಿ ಮ್ಯಾಲೆ ಇಟ್ಟಿರ್ತೀನಿ. ಮಗಿಗೆ ಅದನ್ನೇ ಹಾಕು. ಮುನೇಶ್ವರನ್ದು."

*

ಒಂಬತ್ತು ಮನೆಗಳ ಬೋರುಗಳಿಂದ ಮತ್ತೆ ನೀರು ಬಂತು. ಈ ಸಲ ಮಂಜುಶ್ರೀಯೇ ಹಿಡಿದಳು. ಭಾಗ್ಯಮ್ಮನ ಬೋರು ಸೊನ್ನೆ ಬಿಂದು ಒಂದು ಮೂರು. ಮಿತಿಗಿಂತ ಎರಡೂವರೆ ಪಟ್ಟು ಹೆಚ್ಚು. ಉಳಿದ ಎಂಟೂ ಹೆಚ್ಚುಕಮ್ಮಿ ಅಷ್ಟೇ. ಗುಡಿಯ ನೀರಿನ ಅಂಕಿಯನ್ನು ಅವಳು ಎಸೆಯಲಿಲ್ಲ; ಅದು ಸುಳ್ಳಲ್ಲ, ಅದರ ಜಾಗ ತಪ್ಪಾಗಿತ್ತು. ಒಂಬತ್ತು ಕಡೆಯಿಂದ ತೆಗೆದು ಗುಡಿಯ ಹತ್ತಿರ ಒಂದೇ ಚುಕ್ಕೆಯಾಗಿ ಇಟ್ಟಳು. ಐವತ್ತೈದು ಚುಕ್ಕೆಗಳಾದವು. ವೇರಿಯೋಗ್ರಾಮಿಗೆ ಮೆಟ್ಟಿಲು ಬಂತು. ಇನ್ನೂರ ಇಪ್ಪತ್ತು ಮೀಟರಿನವರೆಗೆ ಹತ್ತಿ ಮಟ್ಟವಾಯಿತು.

"ಈಗ ಇದು ನೆಲ," ಎಂದರು ಪದ್ಮಾವತಿ.

ಆಮೇಲಿನ ಶನಿವಾರ ಗುಂಡಿಯ ಒಳಗಿನ ಸಂಗತಿ ತಿಳಿಯಿತು. ಅದಕ್ಕೆ ಕ್ರಿಗಿಂಗ್ ಎಂದು ಹೆಸರು. ಅಳೆಯದ ಜಾಗದಲ್ಲಿ ಎಷ್ಟಿರಬಹುದೆಂದು ಸುತ್ತಲಿನ ಚುಕ್ಕೆಗಳನ್ನು ಕೇಳುವುದು. ಹತ್ತಿರದವರ ಮಾತಿಗೆ ಹೆಚ್ಚು ತೂಕ, ದೂರದವರ ಮಾತಿಗೆ ಕಡಿಮೆ. ಉತ್ತರದ ಜೊತೆಗೆ, ಈ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂದೂ ಹೇಳುವುದು. ನಕ್ಷೆ ಸರಿಯೇ ಎಂದು ನೋಡಲು ಒಂದು ಉಪಾಯವಿದೆ. ಗೊತ್ತಿರುವ ಒಂದು ಚುಕ್ಕೆಯನ್ನು ಮುಚ್ಚಿಡಿ. ಅಲ್ಲಿ ಎಷ್ಟಿದೆಯೆಂದು ಉಳಿದವನ್ನು ಕೇಳಿ. ಆಮೇಲೆ ತೆಗೆದು ನೋಡಿ.

ಮಂಜುಶ್ರೀಗೆ ಇದು ಹೊಸದೆನಿಸಲಿಲ್ಲ. ಅವಳ ತಾತ ಚಿಕ್ಕಬೈರಪ್ಪ ಓದು ಬರಹ ಕಲಿತವರಲ್ಲ, ಕೇಳಿ ಕಲಿತವರು. ಬೆಳಗಿನ ಜಾವ ಜಗಲಿಯ ಮೇಲೆ ಕುಳಿತು ಭಾರತದ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದರು. ಮೊಮ್ಮಕ್ಕಳು ಹೊದಿಕೆಯೊಳಗೇ ಕೇಳುತ್ತ ಮಲಗಿರುತ್ತಿದ್ದವು. ಒಮ್ಮೊಮ್ಮೆ ಅವರು ಸಾಲಿನ ನಡುವೆ ಬೇಕೆಂದೇ ನಿಲ್ಲಿಸುತ್ತಿದ್ದರು. ಹೊದಿಕೆಯೊಳಗಿಂದ ಯಾರಾದರೂ ಮುಂದಿನ ಪದ ಹೇಳಬೇಕು. ಹಿಂದಿನ ಪದ, ಮುಂದಿನ ಪ್ರಾಸ, ಛಂದಸ್ಸಿನ ನಡೆ ಇವೆಲ್ಲ ಸೇರಿ ಪದ ತಾನೇ ಬಾಯಿಗೆ ಬರುತ್ತಿತ್ತು. ಬರದಿದ್ದರೆ ತಾತ ರಾಗ ಮಾತ್ರ ಎಳೆದು ಮುಂದೆ ಹೋಗುತ್ತಿದ್ದರು. ತಮ್ಮ ಕಡೆಯಿಂದ ಒಂದು ಪದ ಸೇರಿಸಿದವರಲ್ಲ.

ಐವತ್ನಾಲ್ಕು ಚುಕ್ಕೆಗಳು ಒಂದೊಂದಾಗಿ ಪರೀಕ್ಷೆಯಲ್ಲಿ ಗೆದ್ದವು. ಮುಚ್ಚಿಟ್ಟದ್ದಕ್ಕೂ ನೆರೆಯವರು ಹೇಳಿದ್ದಕ್ಕೂ ಸ್ವಲ್ಪ ಹೆಚ್ಚುಕಡಿಮೆ. ಗೆಲ್ಲದಿದ್ದದ್ದು ಒಂದೇ. ಗುಡಿಯಲ್ಲಿ ಸೊನ್ನೆ ಬಿಂದು ಸೊನ್ನೆ ಏಳು ಇರಬೇಕೆಂದು ನೆರೆಯ ಬೋರುಗಳು ಹೇಳಿದವು. ಬಾಟಲಿಯಲ್ಲಿ ಇದ್ದದ್ದು ಸೊನ್ನೆ ಬಿಂದು ಸೊನ್ನೆ ಎರಡು.

"ಆ ಬೋರ್ ಎಷ್ಟು ಆಳ?" ಪದ್ಮಾವತಿ ಕೇಳಿದರು.

"ವಿಚಾರಿಸಿದೀನಿ ಮೇಡಂ. ಬೇರೆಯವಷ್ಟೇ ಆಳ."

"ನೀರು ಹಿಡಿದಿದ್ದು?"

"ಆ ಬಾಟಲಿಗಳೇ. ಫೆಬ್ರುವರಿದು."

ಪದ್ಮಾವತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಕ್ಷೆ ತಪ್ಪಿರಬಹುದು. ಇಲ್ಲಾ ಅಲ್ಲಿಗೆ ಇನ್ನೂ ಬಂದಿರಲಿಲ್ಲ, ಬರ್ತಾ ಇತ್ತು. ಬೇಸಿಗೇಲಿ ಎಲ್ಲರೂ ಮೋಟರ್ ಹಾಕ್ತಾರೆ, ನೀರು ಎಳೆದ ಕಡೆಗೆ ಹೋಗತ್ತೆ. ಕೂತ್ಕೊಂಡು ಯೋಚನೆ ಮಾಡಿದ್ರೆ ಗೊತ್ತಾಗಲ್ಲಮ್ಮ. ಹೋಗಿ ಒಂದು ಬಾಟಲಿ ತುಂಬ್ಕೊಂಡು ಬಾ."

ಏಪ್ರಿಲ್ ಹದಿನೆಂಟು ದಾಟಿತ್ತು. ಮಂಜುಶ್ರೀ ಬೆಳಗ್ಗೆ ಆರಕ್ಕೆ ಗುಡಿಗೆ ಹೋದಳು. ಚಪ್ಪಲಿ ಬಿಟ್ಟು, ಮೂರು ಸುತ್ತು ಬಂದು, ಕೈ ಮುಗಿದಳು. ಏನನ್ನೂ ಬೇಡಿಕೊಳ್ಳಲಿಲ್ಲ, ಇಷ್ಟೇ ಅಂಕಿ ಬರಲಿ ಎಂದು ಕೇಳುವುದು ಅವಳಿಗೆ ಸರಿಯೆನಿಸಲಿಲ್ಲ. ಕೊಡ ಹಿಡಿದು ನಿಂತಿದ್ದವರು ದಾರಿ ಬಿಟ್ಟರು. ಹತ್ತು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿಕೊಂಡಳು.

ಲ್ಯಾಬಿನಲ್ಲಿ ಒಮ್ಮೆ ನೋಡಿದಳು. ಮತ್ತೆ ಎರಡು ಸಲ ನೋಡಿದಳು. ಸೊನ್ನೆ ಬಿಂದು ಸೊನ್ನೆ ಆರು ನಾಲ್ಕು.

*

ನಕ್ಷೆಯ ಕೆಳಗೆ ಸಹಿ ಹಾಕಿ ಶಿವಶಂಕರ್ ಕೈಗೆ ಕೊಟ್ಟಾಗ ಅವರು ಬೆಳಕಿಗೆ ಹಿಡಿದು ನೋಡಿದರು. ಮೂರು, ನಾಲ್ಕು, ಐದು ದಟ್ಟ ಕೆಂಪು. ಎರಡನೇ ಕ್ರಾಸು ಅವಕ್ಕಿಂತ ತೆಳು.

"ಅಲ್ಲಾ ಮೇಡಂ, ನಾಲ್ಕು ಒಳಗೆ ಬಂದ್ರೆ ಎರಡು ಹೊರಗೆ ಹೋಗತ್ತೆ."

"ಹೌದು ಸಾರ್."

"ನಮ್ಮನೆ ಎರಡನೇ ಕ್ರಾಸು."

ಅವರು ನಕ್ಷೆಯನ್ನು ಎರಡು ಸಲ ಸುರುಳಿ ಸುತ್ತಿ, ಎರಡು ಸಲ ಬಿಚ್ಚಿದರು.

"ಇದರಲ್ಲಿ ತಪ್ಪಿಲ್ಲ ತಾನೆ?"

"ನನಗೆ ತಿಳಿದಮಟ್ಟಿಗೆ ಇಲ್ಲ. ಎಲ್ಲೆಲ್ಲಿ ಗೊತ್ತಿಲ್ಲವೋ ಅದನ್ನ ಎರಡನೇ ಹಾಳೆಯಲ್ಲಿ ತೋರಿಸಿದೀನಿ."

"ಸರಿ ಕೊಡಿ. ನಮ್ಮ ಮನೆಯೋಳಿಗೆ ಮಾತ್ರ ನೀವೇ ಬಂದು ಹೇಳ್ಬೇಕು. ನನ್ನ ಕೈಲಾಗಲ್ಲ," ಎಂದು ಸ್ಕೂಟರು ಹತ್ತಿದರು. ಫೈಲು ಅದೇ ದಿನ ವಾರ್ಡ್ ಆಫೀಸಿಗೆ ಹೋಯಿತು. ನಾಲ್ಕನೇ ಕ್ರಾಸಿಗೆ ಮಳೆಗಾಲ ಕಳೆದ ಮೇಲೆ ಪೈಪು, ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಟ್ಯಾಂಕರು ಎಂದು ಇಂಜಿನಿಯರು ಬರೆದರು. ಗುಡಿಯ ಬೋರಿಗೆ ಬೀಗ ಹಾಕಿಸಲೂ ಬರೆದರು.

ಬೀಗ ಬೀಳುವ ಮೊದಲು ಭಾಗ್ಯಮ್ಮನಿಗೆ ತಾನೇ ಹೇಳಬೇಕೆಂದು ಮಂಜುಶ್ರೀ ಮಧ್ಯಾಹ್ನದ ಬಿಸಿಲಲ್ಲೇ ನಡೆದಳು. ಜಗಲಿಯ ಮೇಲೆ ಲಾವಣ್ಯಳ ಪಾಲಿನ ಕೊಡ ಇತ್ತು, ಬಾಯಿಗೆ ತಟ್ಟೆ ಮುಚ್ಚಿತ್ತು. ಭಾಗ್ಯಮ್ಮ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದರು.

ಮೊದಲು ನಲ್ಲಿಯ ಸುದ್ದಿ ಹೇಳಿದಳು. ಭಾಗ್ಯಮ್ಮನ ಮುಖ ಅರಳಿತು.

"ನೋಡ್ದಾ, ನಿನ್ನ ಲೆಕ್ಕ ಕಡೇಗೂ ದಾರಿಗೆ ಬಂತು!"

ಆಮೇಲೆ ಗುಡಿಯ ಸುದ್ದಿ ಹೇಳಿದಳು. ಅಂಕಿ ಹೇಳಿದಳು. ಮಿತಿಗಿಂತ ಸ್ವಲ್ಪವೇ ಹೆಚ್ಚು, ನಿಮ್ಮ ಬೋರಿನದರಲ್ಲಿ ಅರ್ಧ, ಒಂದೆರಡು ದಿನ ಕುಡಿದರೆ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಕುಡಿಯಬಾರದು ಅಷ್ಟೆ ಎಂದು ಬಿಡಿಸಿ ಹೇಳಿದಳು. ಭಾಗ್ಯಮ್ಮನ ಬೆರಳುಗಳು ಹುಣಸೆಯ ನಾರಿನಲ್ಲೇ ನಿಂತವು.

"ಮುನೇಶ್ವರನ್ದೂನಾ?"

"ಹೌದಮ್ಮ."

"ಫೆಬ್ರವರೀಲಿ ಚೆನ್ನಾಗಿತ್ತು ಅಂದ್ಯಲ್ಲ."

"ಆಗ ಚೆನ್ನಾಗಿತ್ತು."

"ಆ ಮಗಿಗೆ ದಿನಾ ಇದನ್ನೇ ಕೊಟ್ಟೆ ಕಣವ್ವ. ನನ್ನ ಕೈಯಾರ ತುಂಬಿ ಇಟ್ಟೆ."

"ಅದು ಕುಡೀತಿದ್ದ ನೀರಿಗಿಂತ ಇದು ವಾಸಿನೇ ಅಮ್ಮ. ನೀವು ಕೊಟ್ಟಿದ್ದು ತಪ್ಪಲ್ಲ."

ಭಾಗ್ಯಮ್ಮ ಎದ್ದರು. ಜಗಲಿಯ ಮೇಲಿದ್ದ ಕೊಡವನ್ನು ಸೊಂಟಕ್ಕೆ ಎತ್ತಿಕೊಂಡು, ಗೇಟಿನ ಪಕ್ಕದ ದಾಸವಾಳದ ಬುಡಕ್ಕೆ ನಿಧಾನವಾಗಿ ಬಗ್ಗಿಸಿದರು. ಒಣಗಿದ ಮಣ್ಣು ಸದ್ದು ಮಾಡುತ್ತ ಹೀರಿತು. ಖಾಲಿ ಕೊಡವನ್ನು ತಂದು ಚಪ್ಪಡಿಯ ಮೇಲೆ ಬೋರಲು ಹಾಕಿದರು. ಒಳಗೆ, ದೇವರ ಮನೆಯ ಪಕ್ಕದ ಕಟ್ಟೆಯ ಮೇಲೆ ಬೆಳಗ್ಗೆ ಗುಡಿಯಿಂದ ತುಂಬಿ ತಂದ ಇನ್ನೊಂದು ತಾಮ್ರದ ಕೊಡ ಹೊಳೆಯುತ್ತಿತ್ತು; ಅದರ ಪಕ್ಕ ಹಿತ್ತಾಳೆಯ ಚೊಂಬು, ಬೆಲ್ಲದ ಡಬ್ಬಿ.

ಮಂಜುಶ್ರೀ ಹೊರಡಬೇಕಿತ್ತು. ಈ ಮನೆಗೆ ಅವಳು ಹಿಂದೆ ಬಂದಾಗಲೆಲ್ಲ ಮಾತಿಗೆ ಮುಂಚೆ ನೀರು ಬಂದಿತ್ತು. ಇವತ್ತು ಅವಳೇ ಮಾತು ಮೊದಲು ಮಾಡಿದ್ದಳು. ಗಂಟಲು ಒಣಗಿತ್ತು. ಒಂದು ಚೊಂಬು ನೀರಿನಿಂದ ತನಗೆ ಏನೂ ಆಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿರಲಿಲ್ಲ. ಭಾಗ್ಯಮ್ಮನಿಗೆ ಹೇಳಲು ಬೇರೆ ಮಾತೂ ಹೊಳೆಯಲಿಲ್ಲ.

"ಅಮ್ಮ," ಎಂದಳು, "ಬಿಸಿಲಲ್ಲಿ ಬಂದೆ. ಕುಡಿಯೋಕೆ ಒಂದು ಚೊಂಬು ನೀರು ಕೊಡಿ."

ಭಾಗ್ಯಮ್ಮ ಒಳಗಿನ ಕೊಡವನ್ನು ನೋಡಿದರು. ಹೊಸ್ತಿಲಿಗೆ ಅಡ್ಡವಾಗಿ ಬಂದು, ಬಾಗಿಲಿನ ಎರಡೂ ಕಡೆಗೆ ಕೈಯಿಟ್ಟು ನಿಂತರು.

"ಇಲ್ಲ ಕಣವ್ವ. ಕೊಡಲ್ಲ."